ಹನ್ನೊಂದು ತೋಳು, ಒಂದೂ ಹೊಂದಲಿಲ್ಲ

ತಂಗಿಯ ಗಂಡನ ಮನೆಯವರಿಗೆ ನಾಲ್ಕು ಜನರ ಮುಂದೆ ಬೈಯಬೇಕೆಂದೇ ಆ ಯುವ ನೇಕಾರ ರಕ್ತನಿಧಿಗೆ ಬಂದಿದ್ದ. ಅವಳಿಗೆ ಆಪರೇಷನ್ ಎಂಬ ಸುದ್ದಿಯೂ ಅವನಿಗೆ ಯಾರೋ ಹೇಳಿ ಗೊತ್ತಾಗಿತ್ತು. ಮದುವೆಗೇ ಕರೆಯದ ಜನ. ಇವನ ಮುಖವನ್ನೂ ನೋಡಿರಲಿಲ್ಲ. ಕಿಟಕಿಯ ಬಳಿ ತಂಗಿಯ ಅತ್ತೆ, ಮಾವ ಒಳಗಿದ್ದ ನರ್ಸ್ ಜೊತೆ ಮಾತಾಡುತ್ತ ನಿಂತಿದ್ದರು. ಅವನು ಬೆಂಚಿನ ತುದಿಯಲ್ಲಿ ಹಲ್ಲು ಕಚ್ಚಿ ಕೂತ.

"ಹನ್ನೊಂದು ಜನ ತೋಳು ಚಾಚಿದ್ರೂ ಒಬ್ಬರದೂ ಆಗಲ್ವಾ ಸಿಸ್ಟರ್?" ಮಾವ ಕೇಳಿದ.

"ಇಲ್ಲ ಯಜಮಾನ್ರೇ. ಸೊಸೆಯದು ನೆಗೆಟಿವ್, ನೀವೆಲ್ಲ ಪಾಸಿಟಿವ್."

"ಇಷ್ಟು ದೊಡ್ಡ ಬಡಗಿ ಕುಲದಲ್ಲಿ ಒಬ್ಬನೂ ಇಲ್ವಾ?"

"ತಲೆತಲಾಂತರದಿಂದ ನಿಮ್ಮನಿಮ್ಮಲ್ಲೇ ಕೊಟ್ಟು ತಂದು ಮಾಡಿದೀರಿ. ನಿಮ್ಮಲ್ಲಿ ಅದು ತೀರ ಅಪರೂಪ. ನೇಕಾರರ ಬೀದಿಯೋರಲ್ಲಾದ್ರೆ ಹತ್ತಕ್ಕೊಬ್ಬರು ಸಿಗ್ತಾರೆ. ಸೊಸೆ ಯಾವ ಕಡೆಯೋಳು?"

ಮಾವ ಗೋಡೆ ನೋಡಿದ. ಅತ್ತೆ ಹೇಳಿದಳು, "ಅದೇ ಬೀದಿ."

"ಮತ್ತೆ ಅವರನ್ನ ಕರೀಲಿಲ್ವಾ?"

"ಯಾವ ಮುಖ ಇಟ್ಕೊಂಡು ಕರೆಯೋದು?" ಎಂದ ಮಾವ.

"ಇರೋ ಮುಖಾನೇ ಇಟ್ಕೊಂಡು!" ಅತ್ತೆ ಚೀಲ ಹೆಗಲಿಗೇರಿಸಿದಳು. "ನಾನು ಹೋಗ್ತೀನಿ. ಬಾಗಿಲಲ್ಲೇ ನಿಲ್ಲಿಸಿ ಬೈದ್ರೆ ಬೈಸ್ಕೋತೀನಿ. ನಮ್ಮ ಹುಡುಗಿ ಉಳಿದ್ರೆ ಸಾಕು."

ನಮ್ಮ ಹುಡುಗಿ ಎಂಬ ಮಾತು ಕೇಳಿ ನೇಕಾರನ ಬಿಗಿದ ದವಡೆ ಸಡಿಲಾಯಿತು. ಅತ್ತೆ ಬಾಗಿಲು ದಾಟುವಷ್ಟರಲ್ಲಿ ಅವನು ಅಂಗಿಯ ತೋಳು ಮಡಚುತ್ತ ಎದ್ದ.

"ಅತ್ತೆಮ್ಮಾ, ಸುಮ್ನೆ ಚಪ್ಪಲಿ ಸವೆಸ್ಬೇಡಿ. ನಾನು ಅವಳ ಅಣ್ಣ. ಹಿಂದೆ ರಕ್ತ ಕೊಟ್ಟಾಗ ಗೊತ್ತಾಗಿದೆ, ನನ್ನದೂ ಅವಳ ಗುಂಪೇ. ಮೊದಲು ರಕ್ತ ಕೊಡ್ತೀನಿ, ಬೈಗುಳ ಆಮೇಲೆ ಕೊಡ್ತೀನಿ."