ಬುಧವಾರ ನಾನು ಓದದ ಹವಾಮಾನ ವರದಿ

ಬಂದರಿನಲ್ಲಿ ನನ್ನನ್ನು ರೇಡಿಯೋ ಅಕ್ಕ ಎಂದು ಕರೆಯುತ್ತಾರೆ. ವಯಸ್ಸು 41 ವರ್ಷ. ಉದ್ಯೋಗ: ಮೀನುಗಾರರ ಸಹಕಾರ ಸಂಘದಲ್ಲಿ ವೈರ್‌ಲೆಸ್ ಆಪರೇಟರ್. ವಾಸ: ಐಸ್ ಫ್ಯಾಕ್ಟರಿ ಹಿಂದಿನ ಓಣಿ, ಎಡಗಡೆಯ ಮೂರನೇ ಮನೆ. ಈ ದಿನ ಬೆಳಿಗ್ಗೆ 10-30ಕ್ಕೆ ನಾನಾಗಿಯೇ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದು ಏನೆಂದರೆ:

ಹದಿಮೂರು ವರ್ಷಗಳಿಂದ ದಿನಾ ಬೆಳಿಗ್ಗೆ 5-30ಕ್ಕೆ ಮತ್ತು ಸಂಜೆ 4-00ಕ್ಕೆ, ಹವಾಮಾನ ಕಚೇರಿಯಿಂದ ಬಂದ ಸಮುದ್ರ ವರದಿಯನ್ನು ನಾನು ದೋಣಿಗಳಿಗೆ ಓದಿ ಹೇಳುತ್ತೇನೆ. ಮೊದಲು ವಾರ ಮತ್ತು ತಾರೀಖು, ಆಮೇಲೆ ಗಾಳಿ, ಅಲೆ, ಕೊನೆಗೆ ಹೋಗಬಹುದೋ ಬಾರದೋ. ನಮ್ಮ ದೋಣಿಗಳು ಬಂದರಿನಿಂದ 18 ಕಿ.ಮೀ. ದೂರದ ದ್ವೀಪದ ಮರೆಯಲ್ಲಿ ಲಂಗರು ಹಾಕಿ ನಾಲ್ಕೈದು ದಿನ ಅಲ್ಲೇ ಇರುತ್ತವೆ. ಅಲ್ಲಿ ಫೋನ್ ಸಿಗುವುದಿಲ್ಲ. ಬೆಳಿಗ್ಗೆ ನನ್ನ ಓದು ಕೇಳಿ ಲಂಗರು ಎತ್ತುತ್ತಾರೆ, ಇಲ್ಲವೇ ಮಗ್ಗುಲು ಬದಲಿಸಿ ಮಲಗುತ್ತಾರೆ. ನನ್ನ ಗಂಡ ಮತ್ತು ಅವರ ಅಣ್ಣ ಒಂದೇ ದೋಣಿಯವರು. ಇದೇ ತಿಂಗಳ 10ನೇ ತಾರೀಖು ಭಾನುವಾರದಿಂದ ಅವರು ದ್ವೀಪದಲ್ಲಿದ್ದರು.

ನನ್ನ ಒಡಹುಟ್ಟಿದ ತಮ್ಮ, ವಯಸ್ಸು 29, ಸಂಘದ ವೈರ್‌ಲೆಸ್ ಕೋಣೆಯಲ್ಲಿ ನನ್ನ ಸಹಾಯಕ. ಆ ಕೆಲಸಕ್ಕಾಗಿ ಸಂಘದ ಕಾರ್ಯದರ್ಶಿಯವರ ಕೈಕಾಲು ಹಿಡಿದವಳು ನಾನೇ.

11ನೇ ತಾರೀಖು ಸೋಮವಾರ ಮಧ್ಯಾಹ್ನ, ಅಮ್ಮನ ಕಣ್ಣಿನ ಆಪರೇಷನ್ ಬುಧವಾರ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಬುಧವಾರ ಬೆಳಿಗ್ಗೆ ನೀನೇ ಓದು ಎಂದು ತಮ್ಮನಿಗೆ ಹೇಳಿದೆ. ಮೈಕ್ ಮುಂದೆ ತನಗೆ ನಾಲಿಗೆ ಹೊರಳುವುದಿಲ್ಲ ಎಂದ. ಊಟಕ್ಕೆ ಕೂತಾಗ ಚೆನ್ನಾಗೇ ಹೊರಳುತ್ತದಲ್ಲ ಎಂದೆ. ಇಬ್ಬರೂ ನಕ್ಕೆವು. ರಜೆ ಅರ್ಜಿ ಬರೆದು, ಕಾರ್ಯದರ್ಶಿಯವರಿಗೆ ತಲುಪಿಸಲು ಅವನ ಕೈಗೇ ಕೊಟ್ಟೆ. ವೈರ್‌ಲೆಸ್‌ನಲ್ಲಿ ಮನೆ ಮಾತು ಆಡಬಾರದೆಂಬ ನಿಯಮವಿರುವುದರಿಂದ ಗಂಡನಿಗೆ ತಿಳಿಸಲಿಲ್ಲ. ಆ ನಿಯಮವನ್ನು ಒಂದು ಸಲವಾದರೂ ಮುರಿಯಬೇಕಿತ್ತು.

12ನೇ ತಾರೀಖು ಮಂಗಳವಾರ ಬೆಳಿಗ್ಗೆ ನಾನು ಓದಿದ್ದು: ಗಾಳಿ ಗಂಟೆಗೆ 15ರಿಂದ 20 ಕಿ.ಮೀ., ಅಲೆ ಒಂದು ಮೀಟರ್, ಮೀನುಗಾರಿಕೆಗೆ ಅಡ್ಡಿಯಿಲ್ಲ. ತಮ್ಮ ಎದುರಿನ ಬೆಂಚಿನ ಮೇಲೆ ಫೋನ್ ಹಿಡಿದು ಕೂತಿದ್ದ. ಏನೋ ಆಟ ಆಡುತ್ತಿದ್ದಾನೆ ಎಂದುಕೊಂಡೆ.

13ನೇ ತಾರೀಖು ಬುಧವಾರ 4-45ರ ಬಸ್ಸಿಗೆ ಅಮ್ಮನನ್ನು ಕರೆದುಕೊಂಡು 42 ಕಿ.ಮೀ. ದೂರದ ಆಸ್ಪತ್ರೆಗೆ ಹೊರಟೆ. 5-10ಕ್ಕೆ ಸಂಘದ ಕಚೇರಿಗೆ ಎಚ್ಚರಿಕೆಯ ಫ್ಯಾಕ್ಸ್ ಬಂದಿದೆ. ಸಮಯ ಕಾಗದದ ಮೇಲೆಯೇ ಅಚ್ಚಾಗಿದೆ. ಗಾಳಿ ಗಂಟೆಗೆ 55ರಿಂದ 65 ಕಿ.ಮೀ., ಅಲೆ ನಾಲ್ಕು ಮೀಟರ್‌ವರೆಗೆ, ಹೊರಗಿರುವ ದೋಣಿಗಳು ಕೂಡಲೇ ದಡ ಸೇರಬೇಕು ಎಂದು ಅದರಲ್ಲಿದೆ. 5-30ಕ್ಕೆ ದೋಣಿಗಳಿಗೆ ಕೇಳಿಸಿದ್ದು ಅದಲ್ಲ. ಮಂಗಳವಾರದ ನನ್ನ ಓದು. ವಾರ, ತಾರೀಖು ಹೇಳಿದ ಭಾಗ ಕತ್ತರಿಸಿ, ಉಳಿದದ್ದನ್ನು ತಮ್ಮ ತನ್ನ ಫೋನಿನಿಂದ ಮೈಕ್‌ಗೆ ಹಿಡಿದಿದ್ದ. ಫ್ಯಾಕ್ಸ್ ಕಡೆ ತಿರುಗಿಯೂ ನೋಡದೆ, ಬೀಗ ಹಾಕಿ, 5-40ಕ್ಕೆ ಮನೆಗೆ ಹೋಗಿ ಮಲಗಿದ. ಹೋಗಿದ್ದನ್ನು ಗೇಟಿನ ಕಾವಲುಗಾರ ನೋಡಿದ್ದಾರೆ.

ಬೆಳಿಗ್ಗೆ 8-14ಕ್ಕೆ ತಮ್ಮ ನನಗೆ ಫೋನ್ ಮಾಡಿದ. ಅಷ್ಟರಲ್ಲಿ ಅಮ್ಮನನ್ನು ಒಳಗೆ ಕರೆದೊಯ್ದಿದ್ದರು.

"ಅಕ್ಕ, ಭಾವ ದ್ವೀಪದಿಂದ ಎಷ್ಟೊತ್ತಿಗೆ ಹೊರಡ್ತಾರೆ?" ಎಂದು ಕೇಳಿದ.

ಆರಕ್ಕೇ ಹೊರಟಿರುತ್ತಾರೆ ಎಂದೆ. ಇವತ್ತಿನ ವರದಿ ಏನಿತ್ತು ಎಂದು ಕೇಳಿದೆ.

"ನಿನ್ನೆ ಇದ್ದ ಹಾಗೇ ಇದೆ. ಸುಮ್ನೆ ಕೇಳ್ದೆ. ಅಮ್ಮ ಹೇಗಿದ್ದಾಳೆ?" ಎಂದ.

ನಾಲಿಗೆ ಹೊರಳಿತಾ ಎಂದು ಛೇಡಿಸಿದೆ. ಹೊರಳಿತು ಎಂದ. ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡಿನ ಮಾತು.

11-20ಕ್ಕೆ ಗಾಳಿ ಎದ್ದಿತು. ನಮ್ಮ ದೋಣಿ ಆಗ ದ್ವೀಪದಿಂದ 22 ಕಿ.ಮೀ. ಆಚೆ ಇತ್ತು. ಮುಂಚೆಯೇ ತಿಳಿದಿದ್ದರೆ ಅಲ್ಲಿಂದ ದ್ವೀಪದ ಮರೆಗೆ ಬರಲು ಒಂದೂವರೆ ಗಂಟೆ ಸಾಕಿತ್ತು. ದೋಣಿ ಮಗುಚಿತು. 2-50ಕ್ಕೆ ಬೇರೆ ದೋಣಿಯವರು ನನ್ನ ಗಂಡನನ್ನು ಎತ್ತಿಕೊಂಡರು. ಎಡಗೈ ಎರಡು ಕಡೆ ಮುರಿದು ಬಂದರಿನ ಆಸ್ಪತ್ರೆಯಲ್ಲಿದ್ದಾರೆ. ಅವರ ಅಣ್ಣ ಇವತ್ತಿನವರೆಗೆ ಸಿಕ್ಕಿಲ್ಲ.

14ನೇ ತಾರೀಖು ಬೆಳಿಗ್ಗೆ ಕಚೇರಿಗೆ ಹೋಗಿ, ವರದಿ ಓದಿದವರು ಸಹಿ ಹಾಕುವ ರಿಜಿಸ್ಟರ್ ನೋಡಿದೆ. ಬುಧವಾರ 5-30ರ ಸಾಲಿನಲ್ಲಿ ನನ್ನ ಸಹಿ ಇದೆ. ಅದು ನಾನು ಹಾಕಿದ್ದಲ್ಲ. ನನ್ನ ರಜೆ ಅರ್ಜಿಯೇ ಬಂದಿಲ್ಲ ಎಂದು ಕಾರ್ಯದರ್ಶಿಯವರು ಹೇಳಿದರು. ತಮ್ಮನನ್ನು ಬಲೆ ಹೊಲಿಯುವ ಶೆಡ್ಡಿನ ಹಿಂದೆ ಕರೆದು ಕೇಳಿದೆ. ಎಂಟು ಗಂಟೆಗೆ ಬಂದಾಗ ಫ್ಯಾಕ್ಸ್ ಓದಿದ್ದಾಗಿ ಒಪ್ಪಿಕೊಂಡ. ಕೂಡಲೇ ದೋಣಿಗಳನ್ನು ಕರೆದರೆ ಬೆಳಗಿನದು ಬಯಲಾಗುತ್ತದೆಂದು ಹೆದರಿದನಂತೆ.

"ಗಾಳಿ ಬರದೇನೂ ಇರಬಹುದು ಅಂದ್ಕೊಂಡೆ ಅಕ್ಕ. ಎಷ್ಟು ಸಲ ಬಂದೇ ಇಲ್ಲ" ಎಂದ.

ಎಷ್ಟೋ ಎಚ್ಚರಿಕೆಗಳು ಸುಳ್ಳಾಗಿರುವುದು ನಿಜ. ದಡಕ್ಕೆ ಬಂದವರು ನನ್ನನ್ನು ಬಯ್ದಿದ್ದಾರೆ. ಬಯ್ಯಲು ಅವರೆಲ್ಲ ಬದುಕಿ ಬಂದಿದ್ದರು.

ಕಾರ್ಯದರ್ಶಿಯವರಿಗೆ ನೀನೇ ಹೋಗಿ ಹೇಳು ಎಂದು ಅವನಿಗೆ ಸಂಜೆಯವರೆಗೆ ಸಮಯ ಕೊಟ್ಟೆ. ಅದು ನನ್ನ ದಡ್ಡತನ. ಅವನು ಸಂಜೆಯೊಳಗೆ ಹೋಗಿ, ರಜೆ ಕೇಳದೆ ಹೋಗುವುದಕ್ಕಾಗಿ ಅಕ್ಕನೇ ರೆಕಾರ್ಡ್ ಮಾಡಿ ಕೊಟ್ಟಿದ್ದಳು, ಸಹಿಯನ್ನೂ ಮುಂಚೆಯೇ ಹಾಕಿಟ್ಟಿದ್ದಳು ಎಂದು ನನ್ನ ತಲೆಯ ಮೇಲೆ ಗೂಬೆ ಕೂರಿಸಿದ. ಅಲ್ಲಿಂದ ಆಸ್ಪತ್ರೆಗೆ ಹೋಗಿ ನನ್ನ ಗಂಡನಿಗೂ ಅದನ್ನೇ ಹೇಳಿದ. ಹೇಳುವಾಗ ಅತ್ತನಂತೆ.

16ನೇ ತಾರೀಖು ಶನಿವಾರ ಅಮ್ಮ ಕಣ್ಣಿನ ಪಟ್ಟಿಯೊಂದಿಗೇ ನನ್ನ ಮನೆಗೆ ಬಂದಳು. ನಿನಗೆ ಗಂಡ ಇದ್ದಾನೆ, ಮನೆ ಇದೆ, ಅವನಿಗೇನಿದೆ, ಹೊಟ್ಟೆಗೆ ಹಾಕಿಕೋ ಎಂದಳು. ನಡೆದದ್ದು ನಿನಗೆ ಗೊತ್ತಾ ಎಂದು ಕೇಳಿದೆ. ಗೊತ್ತಿದ್ದೇ ಹೇಳುತ್ತಿದ್ದೇನೆ ಎಂದಳು. ಅವಳ ಕಣ್ಣಿಗೆ ಔಷಧಿ ಹಾಕಿ, ಆಟೋ ಹತ್ತಿಸಿ ಕಳಿಸಿದೆ.

ನಿನ್ನೆ, 18ನೇ ತಾರೀಖು ಸೋಮವಾರ, ಗಂಡ ಮೊದಲ ಬಾರಿಗೆ ನನ್ನೊಂದಿಗೆ ಮಾತಾಡಿದರು. ಆ ಬೆಳಿಗ್ಗೆ ವಾರ ಹೇಳಲಿಲ್ಲವಲ್ಲ, ಸ್ವಲ್ಪ ಕಾದು ನೋಡೋಣ ಎಂದು ಅವರ ಅಣ್ಣ ಹೇಳಿದ್ದರಂತೆ. ಇವರು ನಕ್ಕು, ಮರೆತಿರುತ್ತಾಳೆ, ಅವಳ ದನಿ ನನಗೆ ಗೊತ್ತಿಲ್ಲವಾ ಎಂದು ತಾವೇ ಲಂಗರು ಎತ್ತಿದರಂತೆ. ನಾನು ನಡೆದದ್ದನ್ನು ಹೇಳಲು ಹೊರಟೆ. "ನೀನು ಮಾತಾಡ್ಬೇಡ. ನಿನ್ನ ದನಿ ಕೇಳೋಕಾಗ್ತಿಲ್ಲ" ಎಂದು ಗೋಡೆಯ ಕಡೆ ತಿರುಗಿದರು.

ಈ ಹೇಳಿಕೆ ಬರೆದುಕೊಳ್ಳುತ್ತಿರುವ ಜಮೇದಾರರು, ತಮ್ಮ ಮಾಡಿದ್ದನ್ನು ಅಜಾಗರೂಕತೆ ಎಂದು ಬರೆಯಲೇ ಎಂದು ಕೇಳಿದರು. 5-30ರದ್ದನ್ನು ಬೇಕಾದರೆ ಹಾಗೆ ಬರೆಯಿರಿ, 8-14ರ ನಂತರದ್ದನ್ನು ಹಾಗೆ ಬರೆಯಬೇಡಿ ಎಂದಿದ್ದೇನೆ. ಅಲ್ಲಿಂದ ಗಾಳಿ ಏಳುವವರೆಗೆ ಮೂರು ಗಂಟೆ ಆರು ನಿಮಿಷ ಇತ್ತು. ರೆಕಾರ್ಡ್ ನಾನೇ ಕೊಟ್ಟಿದ್ದರೆ ಫೋನ್ ಮಾಡಿದಾಗ ಫ್ಯಾಕ್ಸ್ ವಿಷಯವನ್ನು ಅವನು ನನ್ನಿಂದ ಯಾಕೆ ಮುಚ್ಚಿಟ್ಟ ಎಂಬುದನ್ನು ವಿಚಾರಿಸಬೇಕು. ರಿಜಿಸ್ಟರ್, ಫ್ಯಾಕ್ಸ್ ಮತ್ತು ಇಬ್ಬರ ಫೋನುಗಳನ್ನೂ ಪರಿಶೀಲಿಸಬೇಕು.

ಇನ್ನೊಂದು ಕೋರಿಕೆ. ಇದು ಕಾನೂನಿನಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಠಾಣೆಯಿಂದ ಯಾರಾದರೂ ಒಬ್ಬರು ಆಸ್ಪತ್ರೆಯ ಗಂಡಸರ ವಾರ್ಡಿನ ಆರನೇ ಹಾಸಿಗೆಯ ಬಳಿ ಕೂತು, ಈ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಗಂಡನಿಗೆ ಓದಿ ಹೇಳಬೇಕು. ನಾನು ಬಾಗಿಲ ಹೊರಗೆ ನಿಂತಿರುತ್ತೇನೆ, ಬಾಯಿ ಬಿಡುವುದಿಲ್ಲ.

ಇದರಲ್ಲಿರುವುದೆಲ್ಲ ನಾನು ಕಂಡದ್ದು, ಕೇಳಿದ್ದು, ವಿಚಾರಿಸಿ ತಿಳಿದದ್ದು. ಓದಿಸಿ ಕೇಳಿದ್ದೇನೆ, ಸರಿಯಾಗಿದೆ ಎಂದು ಒಪ್ಪಿದ್ದೇನೆ.

ಸ್ಥಳ: ಬಂದರು ಪೊಲೀಸ್ ಠಾಣೆ
ದಿನಾಂಕ: 19, ಮಂಗಳವಾರ, ಮಧ್ಯಾಹ್ನ 12-05

(ಸಹಿ)
ವೈರ್‌ಲೆಸ್ ಆಪರೇಟರ್