ಒಂದೇ ನಂಬರಿನ ಎರಡು ಪಿಸ್ತೂಲು

ಹೆಸರು ಪರ್ಪೆತುವಾ ಮಾನುಲಾಟ್, ಗಂಡ ದಿವಂಗತ ದೆಮೆತ್ರಿಯೊ ಮಾನುಲಾಟ್, ವಯಸ್ಸು 61, ವಾಸ ಸೆಬು ದ್ವೀಪದ ಲಿಂಬಾಗ್ ಊರು, ಪ್ರಾರ್ಥನಾ ಮಂದಿರದ ಹಿಂದಿನ ಓಣಿ. ಉದ್ಯೋಗದ ಜಾಗದಲ್ಲಿ ಪೇದೆಯವರು "ಮನೆಗೆಲಸ" ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿಸಿದ್ದೇನೆ. ಮೂವತ್ತೊಂದು ವರ್ಷ ಪಿಸ್ತೂಲುಗಳಿಗೆ ನಂಬರ್ ಹೊಡೆದದ್ದು ನನ್ನ ಉದ್ಯೋಗ. ಪರವಾನಗಿ ಇರಲಿಲ್ಲ, ಪಿಸ್ತೂಲು ಮಾಡುವ ನಮ್ಮ ಓಣಿಯಲ್ಲಿ ಯಾರಿಗೂ ಇಲ್ಲ. ಈ ದಿನ ಬೆಳಿಗ್ಗೆ 9-20ಕ್ಕೆ, ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 6-6-1999ರ ಭಾನುವಾರ ಸಂಜೆ ಸುಮಾರು 4-30ಕ್ಕೆ ನಮ್ಮೂರ ಕೋಳಿ ಅಂಕದ ಹಿಂಬದಿಯಲ್ಲಿ ಅಂಕದ ತೀರ್ಪುಗಾರ ಫೆಲಿಮೋನ್ ಸೆಪೆಯವರ ತೊಡೆಗೆ ಗುಂಡು ಬಿತ್ತು. ಅರವತ್ತು ಮೀಟರ್ ದೂರದ ಚರಂಡಿಯಲ್ಲಿ ಒಂದು ಪಾಯಿಂಟ್ ನಲವತ್ತೈದರ ಪಿಸ್ತೂಲು ಸಿಕ್ಕಿತು. ನಂಬರ್ 417263. ಸರ್ಕಾರದ ದಾಖಲೆಯಲ್ಲಿ ಆ ನಂಬರ್ ಇದ್ದದ್ದು ನಿವೃತ್ತ ಸುಂಕದ ಗುಮಾಸ್ತ ಕ್ರಿಸಾಂತೊ ಬಾತುಕಾನ್ ಅವರ ಹೆಸರಿನಲ್ಲಿ. ಪೊಲೀಸರು ಅವರ ಮನೆಗೆ ಹೋದಾಗ ಅವರು ಟ್ರಂಕಿನಿಂದ ತಮ್ಮ ಪಿಸ್ತೂಲು ತೆಗೆದು ತೋರಿಸಿದರು. ಅದರ ಮೇಲೂ ಅದೇ ನಂಬರ್ ಇತ್ತು. ಘಟನೆಯ ಹೊತ್ತಿನಲ್ಲಿ ಅವರು ಮನೆಯಲ್ಲಿ ಒಬ್ಬರೇ ಮಲಗಿದ್ದರು. ಹಾಗಾಗಿ ಅಂದಿನಿಂದ ಲಾಕಪ್ಪಿನಲ್ಲಿದ್ದಾರೆ.

ಕ್ರಿಸಾಂತೊ ನನ್ನ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ನಿಂತವರು. ಅಂದಿನಿಂದ ನಾನು ಅವರಿಗೆ ಕುಮಾರೆ, ಅವರು ನನಗೆ ಕುಂಪಾರೆ. ನಮ್ಮಲ್ಲಿ ಇದು ರಕ್ತಸಂಬಂಧಕ್ಕಿಂತ ಕಡಿಮೆಯದಲ್ಲ.

8ನೇ ತಾರೀಖು ತನಿಖಾಧಿಕಾರಿ ಅಬಾಪೊ ಅವರು ನನ್ನನ್ನು ಕರೆಸಿ ಎರಡೂ ಪಿಸ್ತೂಲನ್ನು ಮೇಜಿನ ಮೇಲಿಟ್ಟರು.

"ಅಮ್ಮಾ, ಇದ್ರಲ್ಲಿ ಕಾರ್ಖಾನೇದು ಯಾವ್ದು, ನಿಮ್ಮ ಓಣೀದು ಯಾವ್ದು? ನಿಮ್ಮನ್ನ ಬಿಟ್ರೆ ಹೇಳೋರು ಯಾರೂ ಇಲ್ವಂತೆ."

"ಹಿಡಿಯೋಕೆ ಬಂದಾಗ ಕಳ್ಳಿ, ಕೆಲಸ ಬಿದ್ದಾಗ ಅಮ್ಮ. ಕೊಡಿ ಇಲ್ಲಿ," ಎಂದೆ.

ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಆದರೆ ನಂಬರ್ ಓದಲು ನನಗೆ ಹೆಬ್ಬೆರಳಿನ ಉಗುರು ಸಾಕು. ಕಾರ್ಖಾನೆಯಲ್ಲಿ ನಂಬರ್ ಒತ್ತಿದ ಮೇಲೆ ಉಕ್ಕಿಗೆ ಹೊಳಪು ಕೊಡುತ್ತಾರೆ, ಅಂಕಿಗಳ ಅಂಚು ನಯವಾಗಿರುತ್ತದೆ, ಆಳವೂ ಒಂದೇ. ನಾನು ಒಂದೊಂದೇ ಅಂಕಿಯ ಅಚ್ಚು ಇಟ್ಟು ಸುತ್ತಿಗೆಯಿಂದ ಹೊಡೆಯುತ್ತೇನೆ. ಎಷ್ಟು ಉಜ್ಜಿದರೂ ಅಂಚಿನಲ್ಲಿ ಉಕ್ಕು ಕೂದಲೆಳೆಯಷ್ಟು ಏಳುತ್ತದೆ, ಉಗುರಿಗೆ ತಾಗುತ್ತದೆ. ಚರಂಡಿಯಲ್ಲಿ ಸಿಕ್ಕಿದ್ದರ ಮೇಲೆ ಉಗುರು ಸಲೀಸಾಗಿ ಜಾರಿತು. ಕಾರ್ಖಾನೆಯದು ಅದೇ. ಕ್ರಿಸಾಂತೊ ಅವರ ಟ್ರಂಕಿನದು ನನ್ನ ಕೈಯದು. ಆದರೆ ನಾನು ಚರಂಡಿಯದನ್ನು ತೋರಿಸಿ, ಇದು ನಮ್ಮ ಓಣಿಯದು, ಯಾರು ಕೊಂಡರೋ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟೆ. ಅದು ಸುಳ್ಳು. ಹಾಗೆ ಹೇಳಿದರೆ ಕ್ರಿಸಾಂತೊ ಬಿಡುಗಡೆಯಾಗುತ್ತಾರೆ, ಬೇರೆ ಯಾರೂ ಸಿಕ್ಕಿಬೀಳುವುದಿಲ್ಲ ಎಂದು ಲೆಕ್ಕ ಹಾಕಿದ್ದೆ.

11ನೇ ತಾರೀಖು ನಗರದ ಪ್ರಯೋಗಾಲಯದಿಂದ ವರದಿ ಬಂತು. ಚರಂಡಿಯದೇ ಅಸಲಿ ಎಂದಿತ್ತು. ಕ್ರಿಸಾಂತೊ ಮನೆಯಲ್ಲಿ ತೋರಿಸಲಿಕ್ಕೆಂದೇ ನಕಲಿ ಮಾಡಿಸಿಟ್ಟುಕೊಂಡು ಅಸಲಿಯಿಂದ ಗುಂಡು ಹಾರಿಸಿದ್ದಾರೆ ಎಂದು ಪೊಲೀಸರು ತೀರ್ಮಾನಿಸಿದರು. ಪ್ರಯೋಗಾಲಯ ಹೇಳಿದ್ದು ಸರಿ, ಪೊಲೀಸರು ತಿಳಿದದ್ದು ತಪ್ಪು. ತಮ್ಮದು ನಕಲಿ ಎಂದು ಕ್ರಿಸಾಂತೊ ಅವರಿಗೆ ಇವತ್ತಿಗೂ ಗೊತ್ತಿಲ್ಲ.

1989ರ ಮಾರ್ಚಿನಲ್ಲಿ ಅವರು ನಕಲು ಮಾಡಲು ಮಾದರಿಗೆಂದು ತಮ್ಮ ಪಿಸ್ತೂಲನ್ನು ನನ್ನ ಗಂಡನಿಗೆ ಹನ್ನೊಂದು ದಿನ ಕೊಟ್ಟಿದ್ದರು. ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಮೊದಲ ನಕಲಿನಲ್ಲಿ ಮಾದರಿಯ ನಂಬರನ್ನೂ ಬಿಡದೆ ಹೊಡೆಯಬೇಕು. ವಾಪಸು ಕೊಡುವ ದಿನ ಎರಡನ್ನೂ ಪಕ್ಕಪಕ್ಕ ಇಟ್ಟು, ನಿನ್ನದು ಯಾವುದು ಆರಿಸಿಕೋ ಎನ್ನಬೇಕು. ಯಜಮಾನ ತಪ್ಪಿದರೆ ಎಲ್ಲರೂ ನಕ್ಕು, ಅಸಲಿಯನ್ನು ಅವನ ಕೈಗಿತ್ತು, ನಕಲಿಯ ನಂಬರನ್ನು ಉಜ್ಜಿಹಾಕಬೇಕು. ಅಂದು ಏಳು ಜನ ಸೇರಿದ್ದರು, ಕ್ರಿಸಾಂತೊ ಅವರ ಮಾವನೂ ಇದ್ದರು.

"ಮೂವತ್ತು ವರ್ಷ ಬಂದರಲ್ಲಿ ಕೂತು ಕಳ್ಳಮಾಲು ಹಿಡಿದೋನು ನಾನು. ನನ್ನ ಕಣ್ಣಿಗೆ ಮಣ್ಣು ಎರಚ್ತೀರಾ?" ಎಂದು ಹೇಳಿ ಕ್ರಿಸಾಂತೊ ಸೀದಾ ನಕಲಿಯನ್ನು ಎತ್ತಿಕೊಂಡರು.

"ಇನ್ನೊಂದ್ಸಲ ನೋಡು ಕುಂಪಾರೆ," ಎಂದು ನನ್ನ ಗಂಡ ಎರಡು ಬಾರಿ ಹೇಳಿದರು.

"ನೋಡೋದೇನಿದೆ? ನನ್ನ ಕೈಗೆ ನನ್ನದು ಗೊತ್ತಾಗಲ್ವಾ?"

ಮಾವನ ಎದುರಿಗೆ ಅವರ ಮರ್ಯಾದೆ ಕಳೆಯಲು ನನ್ನ ಗಂಡನಿಗೆ ಮನಸ್ಸಾಗಲಿಲ್ಲ, ನಾಳೆ ಹೇಳೋಣ ಎಂದುಕೊಂಡರು. ಮರುದಿನ ಕ್ರಿಸಾಂತೊ, ಅಸಲಿಯನ್ನೇ ಆರಿಸಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಅಸಲಿ ನಮ್ಮ ಬೀರುವಿನಲ್ಲೇ ಎಣ್ಣೆ ಬಟ್ಟೆಯಲ್ಲಿ ಉಳಿಯಿತು. 1995ರಲ್ಲಿ ನನ್ನ ಗಂಡ ತೀರಿಕೊಂಡ ಮೇಲೂ ನಾನು ಬಾಯಿ ಬಿಡಲಿಲ್ಲ. ಅದಕ್ಕೆ ನನಗೆ ನಾಚಿಕೆಯಾಗುತ್ತದೆ.

ನಿನ್ನೆ ಭಾನುವಾರ ಪೂಜೆ ಮುಗಿಸಿ 10-15ಕ್ಕೆ ಲಾಕಪ್ಪಿನಲ್ಲಿ ಅವರನ್ನು ಕಂಡೆ. ಗಡ್ಡ ಬೆಳೆದಿತ್ತು, ಷರಟಿಗೆ ಎರಡು ಗುಂಡಿ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಅಳ್ಬೇಡ ಕುಮಾರೆ. ಪಟ್ಟಣದೋರ ಯಂತ್ರ ಕೆಟ್ಟಿದೆ ಅಷ್ಟೆ. ಅಸಲಿ ನನ್ನ ಟ್ರಂಕಲ್ಲೇ ಇದ್ದದ್ದು. ಅವತ್ತು ಏಳು ಜನರ ಮುಂದೆ ಆರಿಸ್ಲಿಲ್ವಾ ನಾನು? ನೀನೇ ಸಾಕ್ಷಿ ಇದ್ದೀಯಲ್ಲ, ಜಡ್ಜಿಗೆ ಹೇಳು."

ಹೂಂ ಎಂದು ಮನೆಗೆ ಬಂದೆ.

ಬೀರುವಿನ ಬೀಗದ ಕೈ ಎರಡಿವೆ. ಒಂದು ನನ್ನ ಕೊರಳಿನಲ್ಲಿದೆ. ಇನ್ನೊಂದು ನನ್ನ ಮಗ ರೆನೇರಿಯೊ, ವಯಸ್ಸು 29, ಬಾಡಿಗೆ ಮೂರುಗಾಲಿ ಗಾಡಿ ಓಡಿಸುವವನು, ಅವನ ಹತ್ತಿರ ಇದೆ. 6ನೇ ತಾರೀಖು ಅಂಕದಲ್ಲಿ ಅವನ ಕೋಳಿ ಸೋತಿತು ಎಂದು ಫೆಲಿಮೋನ್ ತೀರ್ಪು ಕೊಟ್ಟಿದ್ದರು. ಅವನು 5-10ಕ್ಕೆ ಮನೆಗೆ ಬಂದು ಮೂರು ಸಲ ಕೈ ತೊಳೆದ. ಅವನು ಮಲಗಿದ ಮೇಲೆ ಬೀರು ತೆಗೆದು ನೋಡಿದೆ. ಎಣ್ಣೆ ಬಟ್ಟೆ ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು, ಪಿಸ್ತೂಲು ಇರಲಿಲ್ಲ. 8ನೇ ತಾರೀಖು ನಾನು ಸುಳ್ಳು ಹೇಳಿದ್ದು ಇದಕ್ಕಾಗಿ. ಅವನನ್ನು ನಾನು ಏನೂ ಕೇಳಿಲ್ಲ, ಅವನೂ ಹೇಳಿಲ್ಲ.

ಮಗ ಈಗ ಎಲ್ಲಿ ಎಂದು ತನಿಖಾಧಿಕಾರಿಗಳು ಕೇಳಿದ್ದಕ್ಕೆ ಉತ್ತರ: ಅವನು ಠಾಣೆಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ಕ್ರಿಸಾಂತೊ ಅವರಿಗೆ ಊಟ ಕೊಟ್ಟು ಬರೋಣ, ಗಾಡಿ ತೆಗಿ ಎಂದು ನಾನೇ ಕರೆತಂದೆ. ಡಬ್ಬಿ ಅವನ ತೊಡೆಯ ಮೇಲಿದೆ. ಅದರಲ್ಲಿ ಮೆಕ್ಕೆಜೋಳದ ನುಚ್ಚಿನ ಅನ್ನ, ಒಣಮೀನು ಇವೆ. ಕ್ರಿಸಾಂತೊ ಇವತ್ತು ತಮ್ಮ ಮನೆಯಲ್ಲಿ ಉಣ್ಣಲಿ. ಆ ಡಬ್ಬಿ ನನ್ನ ಮಗನಿಗೇ ಕಟ್ಟಿದ್ದು.

ಈ ಹೇಳಿಕೆಯನ್ನು ಓದಿ ಹೇಳಿದ್ದಾರೆ, ಕೇಳಿಸಿಕೊಂಡಿದ್ದೇನೆ. 8ನೇ ತಾರೀಖಿನದು ಸುಳ್ಳು, ಇದು ನಿಜ. ಯಾರೂ ಹೆದರಿಸಿ ಹೇಳಿಸಿದ್ದಲ್ಲ.

ಸ್ಥಳ: ಲಿಂಬಾಗ್
ದಿನಾಂಕ: 14-6-1999, ಬೆಳಿಗ್ಗೆ 10-50
(ಸಹಿ) ಪರ್ಪೆತುವಾ ಮಾನುಲಾಟ್