ವರನ ಮೂರು ತಲೆಮಾರು

“ಧಾರೆ ಹೊತ್ತಲ್ಲಿ ಪುರೋಹಿತರು ವರನ ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಕೇಳ್ತಾರೆ ಕಣೇ ಇಳಾ.”

ಜರ್ಮನಿಯ ರೇಗನ್ಸ್‌ಬರ್ಗ್ ಹತ್ತಿರದ ಹಳ್ಳಿಯೊಂದರ ಬಸ್‌ಸ್ಟಾಪಿನಲ್ಲಿ ತಾಯಿ ಮಗಳ ಕನ್ನಡ! ನನ್ನ ಕಿವಿ ಸುಮ್ಮನಿದ್ದೀತೇ?

“ಅಮ್ಮಾ, ಮುನ್ನೂರು ವರ್ಷದ ಹಿಂದೆ ಈ ಊರಿಂದ ಅಮೆರಿಕಾಗೆ ಹೋದ ತನ್ನ ವಂಶದ ಮೂಲಪುರುಷನ್ನೇ ಈಥನ್ ಪತ್ತೆ ಮಾಡಿದಾನೆ. ಈಗ ಚರ್ಚಿನ ಹಳೇ ದಾಖಲೆಗಳಲ್ಲಿ ಆ ಮೂಲಪುರುಷನ ಅಪ್ಪನ್ನ ಹುಡುಕ್ತಿದಾನೆ.”

“ಸರಿ, ಈಥನ್ ಅಪ್ಪ ಎಲ್ಲಿ?”

“ಓಹಾಯೋದಲ್ಲಿ. ಇಬ್ಬರಿಗೂ ಮಾತಿಲ್ಲ. ಮದುವೆಗೂ ಕರೆದಿಲ್ಲ.”

“ಅಯ್ಯೋ ಶಿವನೇ! ಸತ್ತೋರನ್ನ ಹುಡುಕ್ಕೊಂಡು ಸಮುದ್ರ ದಾಟಿ ಬಂದ, ಬದುಕಿರೋರಿಗೆ ಒಂದು ಫೋನ್ ಮಾಡಕ್ಕಾಗಲಿಲ್ವಾ?”

“ಅವನ ಹತ್ರ ಆ ವಿಷಯ ಎತ್ತಬೇಡಮ್ಮಾ.”

“ಎತ್ತೇ ಎತ್ತುತೀನಿ. ಬೀಗರು ಬರದೆ ನಾನು ಧಾರೆ ಎರೆಯಲ್ಲ.”

ಬಸ್ಸು ಬಂತು. ಚರ್ಚಿನಿಂದ ನಗುನಗುತ್ತಾ ಓಡಿಬಂದ ಭಾವೀ ಅಳಿಯನ ಕೈಗೆ ಆಕೆ ತಮ್ಮ ಮೊಬೈಲ್ ಇಟ್ಟು, ಬಸ್ಸು ಹತ್ತಿಬಿಟ್ಟರು.